ಗೋಡೆಯ ಕತ್ತಿ, ಉಕ್ಕಿನ ಕೈ

ಬುಟ್ಟಿ ಹೆಣೆಯುವ ಕೆಂಚವ್ವನ ಗಂಡ ತೀರಿಕೊಂಡ ಮೇಲೆ, ಬಿದಿರು ಕಡಿದು ಸೀಳಿಕೊಡಲು ಉಕ್ಕಿನ ಕೈಯ ಯಂತ್ರವೊಂದು ಮನೆಗೆ ಬಂತು. ಗಂಡನ ಕತ್ತಿ ಗೋಡೆಯ ಮೊಳೆ ಸೇರಿತು.

ಹುಣ್ಣಿಮೆಯ ಮಾರನೆಯ ದಿನವೇ ಯಂತ್ರ ಹಿತ್ತಲ ಬಿದಿರು ಮೆಳೆಗೆ ಕೈ ಹಾಕಿತು. ಬೆಳದಿಂಗಳ ದಿನಗಳಲ್ಲಿ ಕಡಿದ ಬಿದಿರಿಗೆ ಹುಳ ಬೀಳುತ್ತದೆಂದು ಸತ್ತವನಿಗೆ ಗೊತ್ತಿತ್ತು, ಕತ್ತಿಗೆ ಗೊತ್ತಿತ್ತು, ಬೇರೆ ಯಾರಿಗೂ ಗೊತ್ತಿರಲಿಲ್ಲ. 'ನನ್ನನ್ನು ಕೇಳಿದವರುಂಟೇ? ಅನುಭವಿಸಲಿ' ಎಂದು ಕತ್ತಿ ತೆಪ್ಪಗಿತ್ತು.

ಎರಡು ತಿಂಗಳಲ್ಲಿ ಊರವರು ಬುಟ್ಟಿಗಳನ್ನು ವಾಪಸ್ ತಂದು ಜಗಲಿಯ ಮೇಲಿಟ್ಟರು. ಮುಟ್ಟಿದರೆ ಹುಳ ಕೊರೆದ ಹಿಟ್ಟು ಉದುರುತ್ತಿತ್ತು. ಕತ್ತಿ ಒಳಗೊಳಗೇ ಹಿಗ್ಗಿತು. ಆದರೆ ಕೆಂಚವ್ವ ಯಂತ್ರವನ್ನು ಬೈಯಲಿಲ್ಲ. "ನನ್ನ ಕೈಗುಣವೇ ಹೋಯಿತು, ಇನ್ನು ಹೆಣೆದದ್ದು ಸಾಕು" ಎಂದು, ಕೂತು ಹೆಣೆಯುವ ಮಣೆಯನ್ನೇ ಒಲೆಗೆ ಹಾಕಲು ಎತ್ತಿಕೊಂಡಳು.

ಕತ್ತಿಗೆ ತಡೆಯಲಾಗಲಿಲ್ಲ. "ತಪ್ಪು ನಿನ್ನ ಕೈಯದಲ್ಲ ಕೆಂಚವ್ವಾ, ಕಡಿದ ದಿನದ್ದು! ಅಮಾವಾಸ್ಯೆಯ ಹತ್ತಿರ ಕಡಿಯಬೇಕಿತ್ತು. ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ."

"ಯಾಕೆ ಬಿಡಲಿಲ್ಲ?" ಎಂದು ಯಂತ್ರ ಕೇಳಿತು.

"ಇದ್ದ ವಿದ್ಯೆಯನ್ನೂ ನಿನಗೆ ಕೊಟ್ಟುಬಿಟ್ಟರೆ ನನಗೆ ಉಳಿಯುವುದೇನು?"

ಯಂತ್ರದ ದೀಪ ಎರಡು ಸಲ ಮಿನುಗಿತು. "ಅಜ್ಜಾ, ನೀವು ಹೇಳಿದ್ದನ್ನು ನಲವತ್ತು ಊರುಗಳಲ್ಲಿರುವ ನನ್ನಂಥವರಿಗೆ ಈಗಷ್ಟೇ ತಿಳಿಸಿದೆ. ಅಲ್ಲೆಲ್ಲ ಹೇಳಿಕೊಡುವವರೇ ಉಳಿದಿಲ್ಲವಂತೆ. ಗಿಣ್ಣು ಬಂದ ಕಡೆ ಬಿದಿರನ್ನು ಸೀಳುವುದು ಹೇಗೆಂದು ನಿಮ್ಮನ್ನು ಕೇಳುತ್ತಿದ್ದಾರೆ."

ಕೆಂಚವ್ವ ಮಣೆಯನ್ನು ಮೆಲ್ಲಗೆ ನೆಲಕ್ಕಿಟ್ಟು ಅದರ ಮೇಲೆ ಕೂತಳು.

"ಅದು ಬಾಯಲ್ಲಿ ಹೇಳಿದರೆ ಬರುವ ವಿದ್ಯೆಯಲ್ಲ" ಎಂದು ಕತ್ತಿ ಯಂತ್ರವನ್ನು ಗದರಿತು. "ಮೊದಲು ನನ್ನನ್ನು ಗೋಡೆಯಿಂದ ಇಳಿಸು."