ಒಬ್ಬನೇ ಹತ್ತಿದ ಬೆಟ್ಟ

ಕೊರಿಯಾದ ಪೂರ್ವ ಬೆಟ್ಟಗಳಲ್ಲಿ ಒಂದು ಸಣ್ಣ ಆಶ್ರಮ. ಅಲ್ಲಿ ಇದ್ದವರು ಇಬ್ಬರೇ. ಮುಗಾಂಗ್ ಎಂಬ ವೃದ್ಧ ಭಿಕ್ಷು ಮತ್ತು ಅವರ ಶಿಷ್ಯ ದೋಜಿನ್.

ಗುರುಗಳ ಮೊಣಕಾಲು ಸೋತಿತ್ತು, ಬೆರಳುಗಳು ನಡುಗುತ್ತಿದ್ದವು. ಅಡುಗೆ, ಸೌದೆ, ಔಷಧಿ, ಬಂದವರ ಉಪಚಾರ ಎಲ್ಲವೂ ದೋಜಿನ್‌ನದೇ. ಪೇಟೆಯ ವೈದ್ಯರ ಬಳಿಗೆ ಹೊರಟಾಗ ಗುರುಗಳ ಶೂ ಲೇಸು ಕಟ್ಟುತ್ತಿದ್ದವನೂ ಅವನೇ.

ಆಶ್ರಮದ ಹಿಂದೆ ಶಿಖರ. ಬೇಸಿಗೆಯುದ್ದಕ್ಕೂ ಗುರುಗಳು ಅದನ್ನು ನೋಡುತ್ತ ಒಂದೇ ಮಾತು ಹೇಳುತ್ತಿದ್ದರು.

"ಎಲೆ ಕೆಂಪಾಗಲಿ. ಇಬ್ಬರೂ ಮೇಲೆ ಹೋಗಿ ಒಂದು ರಾತ್ರಿ ಇದ್ದು ಬರೋಣ."

"ಆಗಲಿ ಗುರುಗಳೇ," ಎನ್ನುತ್ತಿದ್ದ ದೋಜಿನ್.

ಎಲೆ ಕೆಂಪಾಯಿತು. ದೋಜಿನ್ ಬಂದು ಗುರುಗಳ ಎದುರು ಕೂತ.

"ಶನಿವಾರ ಬೆಟ್ಟಕ್ಕೆ ಹೋಗಿ ಭಾನುವಾರ ಬರಬೇಕು ಅಂತಿದ್ದೇನೆ. ಈ ವಾರ ಆಶ್ರಮಕ್ಕೆ ಬರುವವರು ಯಾರೂ ಇಲ್ಲ."

"ಹೋಗೋಣ," ಎಂದರು ಗುರುಗಳು.

ದೋಜಿನ್ ತಲೆ ತಗ್ಗಿಸಿದ. "ಒಬ್ಬನೇ ಹೋಗಬೇಕು ಅಂತ."

"ಯಾಕೆ?"

"ಏಕಾಂತ ಬೇಕು ಗುರುಗಳೇ. ಧ್ಯಾನಕ್ಕೆ."

ಸುಳ್ಳೇನಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಗುರುಗಳ ಜೊತೆ ಹೊರಟರೆ ತಿರುವು ತಿರುವಿಗೂ ಕೂರಬೇಕು, ಅವರ ಕೆಮ್ಮಿಗೆ ಕಿವಿಗೊಟ್ಟಿರಬೇಕು, ಕೈ ಹಿಡಿಯಬೇಕು. ದೋಜಿನ್ ದಣಿದಿದ್ದ. ಅಷ್ಟನ್ನು ಬಾಯಿಬಿಟ್ಟು ಹೇಳಲು ಅವನಿಗೆ ಆಗಲಿಲ್ಲ.

"ಹೋಗಿ ಬಾ," ಎಂದರು ಗುರುಗಳು.

ಶನಿವಾರ ಬೆಳಗ್ಗೆ ದೋಜಿನ್ ಚೀಲ ಬೆನ್ನಿಗೇರಿಸಿ ಹೊರಗೆ ಬಂದ. ಗುರುಗಳು ಆಗಲೇ ಬಾಗಿಲಲ್ಲಿ ನಿಂತಿದ್ದರು. ತಲೆಗೆ ಉಣ್ಣೆಯ ಟೋಪಿ, ಕೈಯಲ್ಲಿ ಊರುಗೋಲು, ಕಾಲಿಗೆ ಶೂ.

"ಎಲ್ಲಿಗೆ ಗುರುಗಳೇ?"

"ಎಲ್ಲಿಗೂ ಇಲ್ಲ. ನಿನ್ನನ್ನು ಕಳಿಸೋಣ ಅಂತ ಬಂದೆ."

"ಚಳಿ ಇದೆ. ಒಳಗೆ ಹೋಗಿ."

"ಹೋಗುತ್ತೇನೆ. ಮೇಲೆ ಗಾಳಿ ಜೋರಾಗಿರುತ್ತದೆ. ಬಂಡೆಯ ಮರೆಯಲ್ಲಿ ಗುಡಾರ ಹಾಕು."

ದೋಜಿನ್ ನಮಸ್ಕರಿಸಿ ಹೊರಟ. ತಿರುಗಿ ನೋಡಲಿಲ್ಲ. ನೋಡಿದರೆ ಕರೆಯಬೇಕಾಗುತ್ತದೆ ಎಂದು ಅವನಿಗೆ ಗೊತ್ತಿತ್ತು.

ಹಳ್ಳ ದಾಟಿ, ಪೈನ್ ಮರಗಳ ನಡುವಿನ ಏರು ಹತ್ತಿ, ಮಧ್ಯಾಹ್ನಕ್ಕೆಲ್ಲ ಶಿಖರ ಸೇರಿದ. ಕಾಲಿಗೆ ಇಷ್ಟು ಹಗುರ ಅನ್ನಿಸಿ ವರ್ಷಗಳೇ ಆಗಿದ್ದವು. ಕೆಳಗೆ ಬೆಟ್ಟದ ಹಿಂದೆ ಬೆಟ್ಟ, ಕಣ್ಣು ಹೋದಷ್ಟು ದೂರ ಕೆಂಪು.

"ನೋಡಿ ಗುರುಗಳೇ," ಎಂದು ಪಕ್ಕಕ್ಕೆ ತಿರುಗಿದ. ಪಕ್ಕದಲ್ಲಿ ಯಾರೂ ಇರಲಿಲ್ಲ.

ಬಂಡೆಯ ಮರೆಯಲ್ಲಿ ಗುಡಾರ ಹಾಕಿದ. ನೂಡಲ್ಸ್ ಬೇಯಿಸಿ ತಿಂದ. ಧ್ಯಾನಕ್ಕೆ ಕೂತ. ಮನಸ್ಸು ಕೂರಲಿಲ್ಲ.

ಹೊತ್ತು ಮುಳುಗುವಾಗ ಗುಡಾರದೊಳಗೆ ಹೋಗಲೆಂದು ಬಗ್ಗಿ ಶೂ ಬಿಚ್ಚತೊಡಗಿದ. ಲೇಸಿನ ಗಂಟಿನ ಮೇಲೆ ಅವನ ಕೈ ನಿಂತಿತು.

ಬೆಳಗ್ಗೆ ಗುರುಗಳ ಶೂಗೆ ಲೇಸು ಕಟ್ಟಿತ್ತು. ತಾನು ಕಟ್ಟಿರಲಿಲ್ಲ. ಆ ನಡುಗುವ ಬೆರಳುಗಳಿಂದ ಅವರೇ ಕಟ್ಟಿಕೊಂಡಿದ್ದರು. ಯಾವಾಗ ಎದ್ದು ಕೂತಿದ್ದರೋ, ಎಷ್ಟು ಸಲ ಗಂಟು ಜಾರಿತ್ತೋ. ಶಿಷ್ಯನನ್ನು ಕಳಿಸಿಕೊಡಲು ಬಾಗಿಲಿಗೆ ಬರುವವರಿಗೆ ಅಷ್ಟೆಲ್ಲ ಬೇಕಿರಲಿಲ್ಲ.

ಕತ್ತಲಾಗುತ್ತಿತ್ತು. ಇಳಿಯುವ ಹಾಗಿರಲಿಲ್ಲ. ಕೇಳಿಕೊಂಡಿದ್ದ ಏಕಾಂತ ಸಿಕ್ಕಿತ್ತು. ಅದನ್ನಿಟ್ಟುಕೊಂಡು ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ.

ಭಾನುವಾರ ದಾರಿ ಕಾಣುವಷ್ಟು ಬೆಳಕಾದ ಕೂಡಲೇ ಗುಡಾರ ಮಡಚಿದ. ಅರ್ಧ ನಡೆದು ಅರ್ಧ ಓಡಿ ಇಳಿದ. ನಾಳೆಯೇ ಹೊರಡುವುದು, ಎಷ್ಟು ಹೊತ್ತಾದರೂ ಆಗಲಿ, ಇಬ್ಬರೂ ಹೋಗುವುದು ಎಂದು ದಾರಿಯುದ್ದಕ್ಕೂ ಅಂದುಕೊಂಡ.

ಆಶ್ರಮದ ಜಗಲಿಯ ಮೇಲೆ ಕೆಳಗಿನ ಹಳ್ಳಿಯ ಓಕ್ಸುನ್ ಎಂಬ ಮುದುಕಿ ಕೂತಿದ್ದಳು.

"ಬಂದಿರಾ ಸ್ವಾಮಿ," ಎಂದಳು. "ನಿನ್ನೆ ಅಣಬೆ ಆರಿಸೋಕೆ ಹೋಗಿದ್ದೆ. ನಿಮ್ಮ ಗುರುಗಳು ಹಳ್ಳದ ಹತ್ತಿರ ಬಿದ್ದಿದ್ದರು. ನನ್ನ ಮಗ ಹೊತ್ತುಕೊಂಡು ಬಂದ. ವೈದ್ಯರು ಬಂದು ಕಾಲಿಗೆ ಪಟ್ಟಿ ಕಟ್ಟಿ ಹೋದರು."

"ಹಳ್ಳದ ಹತ್ತಿರ ಯಾಕೆ ಹೋಗಿದ್ದರು?"

"ನಾನೂ ಅದನ್ನೇ ಕೇಳಿದೆ. ಶಿಷ್ಯ ಮುಂದೆ ಹೋಗಿದ್ದಾನೆ, ನಾನು ಹಿಂದೆ ಬರುತ್ತಿದ್ದೇನೆ ಅಂದರು."

ದೋಜಿನ್ ಒಳಗೆ ಹೋದ. ಗುರುಗಳು ಹಾಸಿಗೆಯಲ್ಲಿದ್ದರು. ಪಾದ ಊದಿಕೊಂಡಿತ್ತು.

"ಏಕಾಂತ ಸಿಕ್ಕಿತೇ?" ಎಂದು ಕೇಳಿದರು. ಆ ದನಿಯಲ್ಲಿ ಕೊಂಕು ಇರಲಿಲ್ಲ.

ದೋಜಿನ್ ನೆಲಕ್ಕೆ ಹಣೆ ಹಚ್ಚಿದ. "ನಿಮಗೆ ಬರುವ ಆಸೆಯಿತ್ತು ಅಂತ ಗೊತ್ತಿತ್ತು ಗುರುಗಳೇ. ನಿಮ್ಮ ಕಾಲಲ್ಲಿ ಶೂ ನೋಡಿದೆ. ನೋಡಿಯೂ ಹೋದೆ."

"ಏಳು. ಮೇಲೆ ಏನೇನು ಕಂಡಿತು, ಹೇಳು."

ದೋಜಿನ್ ಹೇಳಲು ಶುರುಮಾಡಿದ. ಕೆಂಪು ಎಲೆ ಅಂದ, ಗಾಳಿ ಅಂದ, ಬಂಡೆ ಅಂದ. ಅಲ್ಲಿಗೆ ಮಾತು ಮುಗಿಯಿತು.

"ಸಮುದ್ರ ಕಂಡಿತೇ?" ಎಂದು ಕೇಳಿದರು ಗುರುಗಳು. "ಮೋಡ ಇಲ್ಲದಿದ್ದರೆ ಪೂರ್ವಕ್ಕೆ ಸಮುದ್ರ ಕಾಣುತ್ತದೆ."

"ನಾನು ಆ ಕಡೆ ನೋಡಲಿಲ್ಲ."

ಗುರುಗಳು ತಲೆಯಾಡಿಸಿ ಕಣ್ಣು ಮುಚ್ಚಿದರು.

ಚಳಿಗಾಲ ಕಳೆಯಿತು. ಕಾಲು ವಾಸಿಯಾಯಿತು, ಆದರೆ ಮೊದಲಿನಂತೆ ಆಗಲಿಲ್ಲ.

ಹಿಮ ಕರಗಿದ ಮೇಲೆ ದೋಜಿನ್ ಹಳ್ಳಿಗೆ ಹೋಗಿ, ಸೌದೆ ಹೊರುವ ಮರದ ಚೌಕಟ್ಟು ತಂದ. ಅದನ್ನು ಬೆನ್ನಿಗೆ ಕಟ್ಟಿಕೊಂಡು ಗುರುಗಳ ಮುಂದೆ ಮಂಡಿಯೂರಿದ.

"ಕೂತುಕೊಳ್ಳಿ. ಮೇಲಿನವರೆಗೂ ಹೊತ್ತುಕೊಂಡು ಹೋಗುತ್ತೇನೆ."

"ನನ್ನನ್ನು ಹೊರೆ ಮಾಡಿಕೊಳ್ಳಬೇಡ," ಎಂದರು ಗುರುಗಳು. "ಆದಷ್ಟು ದೂರ ನಡೆಯುತ್ತೇನೆ."

ಇಬ್ಬರೂ ಹೊರಟರು. ನಿಂತು, ಕೂತು, ಮತ್ತೆ ನಡೆದು ಹಳ್ಳದವರೆಗೆ ಬಂದರು. ಗುರುಗಳು ಒಂದು ಚಪ್ಪಟೆ ಕಲ್ಲಿನ ಮೇಲೆ ಕೂತರು. ತುಂಬ ಹೊತ್ತು ಏದುಸಿರು ಬಿಟ್ಟರು.

"ಇಷ್ಟೇ," ಎಂದರು.

ಹಿಮ ಕರಗಿದ ನೀರು ತುಂಬಿ ಹರಿಯುತ್ತಿತ್ತು. ಗುರುಗಳು ಅದನ್ನೇ ನೋಡುತ್ತ ನೆಮ್ಮದಿಯಿಂದ ಕೂತಿದ್ದರು. ದೋಜಿನ್‌ಗೆ ಮಾತ್ರ ಕೂರಲಾಗಲಿಲ್ಲ.

"ಗುರುಗಳೇ, ಆ ಶನಿವಾರ ನಾನು ನಿಮ್ಮನ್ನು ಕರೆದುಕೊಂಡು ಹೋಗಿದ್ದರೆ, ಮೇಲಿನವರೆಗೂ ಹತ್ತಲು ನಿಮಗೆ ಆಗುತ್ತಿತ್ತೇ?"

ಆಗುತ್ತಿರಲಿಲ್ಲ ಎಂದು ಅವರು ಒಂದು ಮಾತು ಅಂದಿದ್ದರೆ ಅವನಿಗೆ ಸಾಕಿತ್ತು.

ಗುರುಗಳು ತಲೆಯೆತ್ತಿ ಶಿಖರವನ್ನು ನೋಡಿದರು. ಆಮೇಲೆ ಶಿಷ್ಯನ ಹೆಗಲ ಮೇಲೆ ಕೈಯಿಟ್ಟರು.

"ಜೊತೆಗೆ ಹೋಗಿದ್ದರೆ ಇಬ್ಬರಿಗೂ ಗೊತ್ತಾಗುತ್ತಿತ್ತು."