ಮೆಟ್ಟಿಲಿಲ್ಲದ ಮಾಳಿಗೆ

"ಸೋಮವಾರ ಬೆಳಗ್ಗೆ ಓಬಳಯ್ಯನ ಮನೆಯಲ್ಲಿ ಹಾಲು ಉಕ್ಕಿಸುವವನು ನಾನು! ನಲವತ್ತು ವರ್ಷದಿಂದ ಸಾಲ ಕೊಡುತ್ತಿದ್ದೇನೆ, ಒಂದು ಕಾಸು ಕೈ ಜಾರಿಲ್ಲ," ಎಂದು ಭಂಡಾರಿ ಸಿರಿಯಣ್ಣ ತುಂಬಿದ ಸಭೆಯಲ್ಲಿ ಎದೆ ತಟ್ಟಿಕೊಂಡ.

ಕಾಗೆಗುಡ್ಡದ ದೊರೆ ಬೊಮ್ಮಿನಾಯಕ ತನ್ನ ವಿದೂಷಕ ಓಬಳಯ್ಯನ ಕಡೆ ನೋಡಿದ. ಓಬಳಯ್ಯ ತಲೆ ಕೆರೆದುಕೊಂಡ. ಹಾಸಿಗೆ ಇದ್ದಷ್ಟು ಕಾಲು ಚಾಚಿ ಎಂದು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದವನು ಅವನೇ. ಪಕ್ಕದ ಮನೆಯವನು ಮಾಳಿಗೆ ಎತ್ತಿಸಿದನೆಂಬ ಹೊಟ್ಟೆಕಿಚ್ಚಿಗೆ ಅಜ್ಜನ ಕಾಲದ ಮನೆಯನ್ನು ಸಿರಿಯಣ್ಣನಿಗೆ ಅಡವಿಟ್ಟು ಮಾಳಿಗೆ ಕಟ್ಟಿಸಿದವನೂ ಅವನೇ. ಮಾಳಿಗೆ ಎದ್ದು ನಿಂತಿತು, ಮೆಟ್ಟಿಲು ಕಟ್ಟುವ ಹೊತ್ತಿಗೆ ಹಣ ಮುಗಿಯಿತು. ಈಗ ಅಲ್ಲಿ ಪಾರಿವಾಳಗಳು ಬಾಡಿಗೆ ಕೊಡದೆ ಸುಖವಾಗಿದ್ದವು.

"ಪ್ರಭು, ಇನ್ನೊಂದು ವರ್ಷ ವಾಯಿದೆ ಕೊಡಿಸಿ," ಎಂದು ಓಬಳಯ್ಯ ಕೈ ಮುಗಿದ.

"ಆಗೋದಿಲ್ಲ," ಎಂದ ಸಿರಿಯಣ್ಣ.

"ಹಾಗಾದರೆ ಕೆಳಗಿನ ಮನೆ ನನಗೆ ಬಿಡಿ. ಸಾಲಕ್ಕೆ ಮಾಳಿಗೆ ತಗೊಳ್ಳಿ."

"ಹತ್ತೋದು ಹೇಗಯ್ಯಾ?"

"ಅದು ಗೊತ್ತಿದ್ದರೆ ನಾನೇ ಒಂದು ಸಲ ಹತ್ತಿ ನೋಡುತ್ತಿರಲಿಲ್ಲವೇ ಸ್ವಾಮಿ?"

ಸಭೆ ನಕ್ಕಿತು. ದೊರೆಯೂ ನಕ್ಕ. ಆಮೇಲೆ ಗಂಭೀರನಾದ. "ಓಬಳಯ್ಯ, ನಗು ಬೇರೆ, ನ್ಯಾಯ ಬೇರೆ. ಪತ್ರಕ್ಕೆ ನೀನೇ ಒಪ್ಪ ಹಾಕಿದ್ದೀಯ. ಸೋಮವಾರದೊಳಗೆ ಹಣ ಕಟ್ಟು, ಇಲ್ಲವೇ ಮನೆ ಬಿಡು."

ಓಬಳಯ್ಯ ಮನೆಗೆ ಬಂದು ಕಂಬಕ್ಕೆ ಒರಗಿ ಕೂತ. ಹುಟ್ಟಿದ ಮನೆ, ಅಪ್ಪ ಕಣ್ಣು ಮುಚ್ಚಿದ ಮನೆ. ಸಭೆಯಲ್ಲಿ ಹಲ್ಲು ಕಿರಿದಿದ್ದವನಿಗೆ ಇಲ್ಲಿ ಅಳು ಬಂತು.

ಹೆಂಡತಿ ಪಾಪಮ್ಮ ಅಕ್ಕಿ ಕೇರುತ್ತಿದ್ದಳು. "ಅತ್ತಿದ್ದು ಸಾಕು. ನಿಮ್ಮಜ್ಜನಿಗೆ ಈ ಮನೆ ಕೊಟ್ಟೋರು ಯಾರು?"

"ದೊರೆಗಳ ಅಜ್ಜ. ನಗಿಸಿದ್ದಕ್ಕೆ ಕೊಟ್ಟರಂತೆ."

"ಪುಕ್ಕಟೆ ಕೊಟ್ಟಿರಲ್ಲ, ಸನ್ನದು ಬರೆದೇ ಕೊಟ್ಟಿರ್ತಾರೆ. ಅದರಲ್ಲಿ ಏನಿದೆ?"

"ಯಾರಿಗೆ ಗೊತ್ತು? ಭಂಡಾರದ ಪೆಟ್ಟಿಗೆಯಲ್ಲಿದೆ. ನಾನಂತೂ ಓದಿಲ್ಲ."

"ಸರಿಹೋಯ್ತು. ಸಾಲದ ಪತ್ರಾನೂ ಓದಲಿಲ್ಲ, ಮನೆ ಪತ್ರಾನೂ ಓದಲಿಲ್ಲ. ನಿಮ್ಮ ತಾಯಿ ಸಾಯೋ ಮುಂಚೆ ನನಗೆ ಹೇಳಿದ್ದಾರೆ, ಬನ್ನಿ ಇಲ್ಲಿ," ಎಂದು ಪಾಪಮ್ಮ ಅವನ ಕಿವಿಯಲ್ಲಿ ಏನೋ ಹೇಳಿದಳು. ಓಬಳಯ್ಯನ ಬಾಯಿ ತೆರೆದದ್ದು ತೆರೆದೇ ಇತ್ತು.

ಭಾನುವಾರ ಅವನೇ ಚಾವಡಿಗೆ ಹೋಗಿ ಬೀಗದ ಕೈ ಮುಂದಿಟ್ಟ. "ಸಿರಿಯಣ್ಣನವರೇ, ತಗಾದೆ ಯಾಕೆ? ಮನೆ ಬರೆದುಕೊಡುತ್ತೇನೆ. ಮನೆ, ಮನೆಯ ಹಕ್ಕು, ಮನೆಯ ಹೊಣೆ, ಎಲ್ಲಾ ನಿಮ್ಮದು ಅಂತ ಬರೆಸಿ."

ಹೊಣೆಯೆಂದರೆ ಸೋರುವ ಮಾಡು, ಬಿರುಕು ಬಿಟ್ಟ ಗೋಡೆ ಎಂದುಕೊಂಡ ಸಿರಿಯಣ್ಣ ಒಪ್ಪ ಹಾಕಿದ. ಸೋಮವಾರ ಬೆಳಗಾಗುತ್ತಲೇ ಒಲೆ ಹಚ್ಚಿ, ಮುಕ್ಕಾಲು ಪಾವು ಹಾಲಿಗೆ ಕಾಲು ಪಾವು ನೀರು ಬೆರೆಸಿ ಉಕ್ಕಿಸಿಯೂ ಬಿಟ್ಟ. ಗಂಡ ಹೆಂಡತಿ ಛತ್ರದ ಜಗುಲಿ ಸೇರಿದರು.

ಆ ದಿನ ಸಭೆಯಲ್ಲಿ ಓಬಳಯ್ಯ ಕೈಕಟ್ಟಿ ಮೂಲೆಯಲ್ಲಿ ನಿಂತಿದ್ದ.

"ಏನಯ್ಯಾ, ಇವತ್ತು ನಗಿಸೋದಿಲ್ಲವೇ?" ಎಂದ ದೊರೆ.

"ಆ ಕೆಲಸ ಮನೆಯ ಜೊತೆಗೆ ಹೋಯಿತು ಪ್ರಭು. ಭಂಡಾರದಲ್ಲಿರುವ ಸನ್ನದು ಓದಿಸಬೇಕು."

ಸಿರಿಯಣ್ಣನ ಪೆಟ್ಟಿಗೆಯಿಂದಲೇ ಸನ್ನದು ಹೊರಬಂತು. ಪ್ರತಿ ವರ್ಷ ಅದನ್ನು ಎಣಿಸಿ ಇಟ್ಟವನು ಸಿರಿಯಣ್ಣನೇ, ಓದಿರಲಿಲ್ಲ ಅಷ್ಟೇ. ಕರಣಿಕ ಗಟ್ಟಿಯಾಗಿ ಓದಿದ: "ಈ ಮನೆಯಲ್ಲಿ ಒಲೆ ಹಚ್ಚಿದವನು ದಿನವೂ ಬೆಳಗ್ಗೆ ದೊರೆಯನ್ನು ನಗಿಸತಕ್ಕದ್ದು. ತಪ್ಪಿದ ದಿನಕ್ಕೆ ಒಂದು ವರಹ ದಂಡ."

ಸಿರಿಯಣ್ಣನ ಮುಖ ಇಂಗು ತಿಂದ ಮಂಗನಂತಾಯಿತು. ಆದರೂ ವರಹದ ಮಾತಲ್ಲವೇ, ಗಂಟಲು ಸರಿಮಾಡಿಕೊಂಡ. "ಪ್ರಭು, ಒಬ್ಬನಿಗೆ ಸಾಲ ಕೊಟ್ಟಿದ್ದೆ. ಅವನು ಸತ್ತ. ಬಡ್ಡಿ ಸಾಯಲಿಲ್ಲ."

ಕರಣಿಕ ದಂಡದ ಲೆಕ್ಕಕ್ಕೆ ಒಂದು ವರಹ ಬರೆದುಕೊಂಡ.

ಮಂಗಳವಾರ ಅವನು ಕೋಡಂಗಿಯ ಟೋಪಿ ಹಾಕಿ ಬಂದ. ಬುಧವಾರ ಕತ್ತೆಯಂತೆ ಕೂಗಿದ. ದಂಡದ ವರಹ ತನ್ನ ಬೊಕ್ಕಸಕ್ಕೇ ಬೀಳುವುದಾದ್ದರಿಂದ ದೊರೆ ಮೀಸೆ ಕಚ್ಚಿಕೊಂಡು ನಗು ತಡೆದ. ಸಿರಿಯಣ್ಣ ಮನೆಯನ್ನು ಮಾರಲು ಊರೆಲ್ಲ ಅಲೆದ. ಸನ್ನದಿನ ಸುದ್ದಿ ಆಗಲೇ ಹಬ್ಬಿತ್ತು, ಯಾರೂ ಕೈ ಹಾಕಲಿಲ್ಲ.

ಗುರುವಾರ ಅವನು ಸಭೆಯ ನಡುವೆಯೇ ಓಬಳಯ್ಯನ ಕೈ ಹಿಡಿದ. "ನಿನ್ನ ದಮ್ಮಯ್ಯ, ಮನೆ ತಗೊಳ್ಳಪ್ಪ!"

"ಬಿಡಿಸಿಕೊಳ್ಳೋಕೆ ನನ್ನ ಹತ್ತಿರ ಹಣ ಎಲ್ಲಿದೆ ಸ್ವಾಮಿ?"

"ಸಾಲ ಬಿಟ್ಟೆ! ಬಡ್ಡಿ ಬಿಟ್ಟೆ!" ಎಂದು ಸಿರಿಯಣ್ಣ ಅಡವಿನ ಪತ್ರವನ್ನೂ ಭಾನುವಾರದ ಪತ್ರವನ್ನೂ ಪರಪರನೆ ಹರಿದ. ನಲವತ್ತು ವರ್ಷದಲ್ಲಿ ಅವನು ಬಿಟ್ಟ ಮೊದಲ ಕಾಸು ಅದು, ಕಣ್ಣಲ್ಲಿ ಬಳಬಳ ನೀರು ಸುರಿಯಿತು.

ದೊರೆಗೆ ಇನ್ನು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕ. "ಸಿರಿಯಣ್ಣ, ಇವತ್ತಿನ ದಂಡ ಮಾಫಿ! ಭಲೇ ಓಬಳಯ್ಯ, ಎಂಥಾ ತಲೆಯಯ್ಯಾ ನಿನ್ನದು!"

ಹೊಗಳಿಕೆ ಕೇಳಿ ಓಬಳಯ್ಯನ ಎದೆ ಒಂದು ಗೇಣು ಉಬ್ಬಿತು. ಹೂಂ ಎನ್ನುವ ಮಾತು ಬಾಯಿಯವರೆಗೆ ಬಂತು. ಅಷ್ಟರಲ್ಲಿ ಛತ್ರದ ಜಗುಲಿಯ ಮೇಲೆ ಮೂರು ರಾತ್ರಿ ಗೊಣಗದೆ ಮಲಗಿದ್ದ ಪಾಪಮ್ಮ ನೆನಪಾದಳು.

"ಉಪಾಯ ನನ್ನ ಹೆಂಡತಿಯದು ಪ್ರಭು."

"ಸುಳ್ಳು! ನಿನ್ನದೇ ಇರಬೇಕು."

"ನನಗೆ ಅಷ್ಟು ತಲೆಯಿದ್ದರೆ, ಮೆಟ್ಟಿಲಿಲ್ಲದ ಮಾಳಿಗೆ ಕಟ್ಟಿಸುತ್ತಿದ್ದೆನೇ ಮಹಾಸ್ವಾಮಿ?"

ದೊರೆ ಮತ್ತೆ ನಕ್ಕು, ಸಿರಿಯಣ್ಣ ಕಟ್ಟಿದ ದಂಡದ ಮೂರು ವರಹವನ್ನು ಮೆಟ್ಟಿಲಿಗೆಂದು ಕೊಟ್ಟ. ಕೊಟ್ಟದ್ದು ಮಾತ್ರ ಪಾಪಮ್ಮನ ಕೈಗೆ.