ಪಡಸಾಲೆಯಲ್ಲಿ ಎರಡು ಕುರ್ಚಿ

ಎರೆಗಟ್ಟಿಯ ಮಠವೆಂದರೆ ಮಣ್ಣುಗೋಡೆಯ ಒಂದು ಪಡಸಾಲೆ, ಹಿಂದೊಂದು ದಾಸೋಹದ ಒಲೆ, ಅಷ್ಟೆ. ಪೂಜ್ಯ ಶ್ರೀ ಸಂಗಯ್ಯಜ್ಜನವರು ಅಲ್ಲಿ ಕಂಬಳಿಯ ಮೇಲೆ ಕುಳಿತು, ಭಕ್ತರ ಜೊತೆ ತಾವೂ ಜೋಳ ಹಸನು ಮಾಡುತ್ತಿದ್ದರು.

ಒಂದು ಗುರುವಾರ ಬೆಳಿಗ್ಗೆ ವಿಶ್ವವಿದ್ಯಾಲಯದ ಡಾ. ಸುಧೀಂದ್ರ ಕಟಗೇರಿಯವರು ಬಂದರು. ಸರ್ವಧರ್ಮ ಸಂವಾದದಲ್ಲಿ ಯಾವ ಸಮುದಾಯದ ಪರವಾಗಿ ಯಾರು ಮಾತನಾಡುತ್ತಾರೆ ಎಂಬುದು ಅವರ ಸಂಶೋಧನೆ. ನಾಲ್ಕು ವರ್ಷದ ದುಡಿಮೆ. ಇದೊಂದು ಸಂದರ್ಶನವಾದರೆ ಮುಗಿಯಿತು. ನಿಜ ಹೇಳಬೇಕೆಂದರೆ, 'ಎರೆಗಟ್ಟಿಯಲ್ಲಿ ಸಂವಾದವೇ ಇಲ್ಲ' ಎಂದು ಅವರು ಮೊದಲೇ ಬರೆದಿಟ್ಟಿದ್ದರು. ಓದಿದವರ ಆತುರ, ಏನು ಮಾಡುವುದು!

ಪಡಸಾಲೆಯಲ್ಲಿ ಮೊರ ಹಿಡಿದು ಕುಳಿತಿದ್ದ ಇಬ್ಬರು ಮುದುಕಿಯರು ಕ್ಯಾಮೆರಾಕ್ಕೆ ಅಡ್ಡವಾದರು. "ಸ್ವಲ್ಪ ಹೊರಗ ಹೋಗ್ರಿ, ಹಿರಿಯರು ಮಾತಾಡಬೇಕು" ಎಂದರು ಕಟಗೇರಿಯವರು. ಇಬ್ಬರೂ ಮೊರ ಎತ್ತಿಕೊಂಡು ಹಿತ್ತಲ ಕಡೆ ಹೋದರು. ಆ ಜಾಗಕ್ಕೆ ಎರಡು ಕುರ್ಚಿ ಬಂದವು: ಒಂದು ಅಜ್ಜನವರಿಗೆ, ಇನ್ನೊಂದು ತಾಲ್ಲೂಕಿನಿಂದ ಬರಬೇಕಿದ್ದ ಮೌಲ್ವಿಗಳಿಗೆ. ಅಜ್ಜನವರು ಕಂಬಳಿ ಬಿಟ್ಟು ಏಳಲಿಲ್ಲ.

"ಅಜ್ಜಾರ, ಹಿಂದೂಗಳ ಪ್ರತಿನಿಧಿಯಾಗಿ ಹೇಳ್ರಿ. ಈ ಊರಾಗ ಎರಡೂ ಧರ್ಮದವರ ನಡುವೆ ಮಾತುಕತೆ ನಡೀತದೇನ್ರಿ?"

ಅಜ್ಜನವರು ಜೋಳದೊಳಗಿನ ಕಲ್ಲೊಂದನ್ನು ಆರಿಸಿ ತೆಗೆದು, ಮೆಲ್ಲನೆ ಅಂದರು:

"ನಡದಿತ್ತಪ್ಪಾ. ನೀವು ಬಂದು ಎಬ್ಬಿಸಿದ್ರಿ."

ಕಟಗೇರಿಯವರು ಹಿತ್ತಲಿಗೆ ಓಡಿದರು. ಅಲ್ಲಿ ಆ ಇಬ್ಬರು ಮುದುಕಿಯರಲ್ಲಿ ಇಮಾಂಬಿ ಒಬ್ಬರೇ ಇದ್ದರು. ಕೇಳಿದಾಗ ಸಂಗತಿ ತಿಳಿಯಿತು. ಅವರ ಗಂಡನ ಗೋರಿಗೆ ಹೋಗುವ ದಾರಿ ಇನ್ನೊಬ್ಬ ಮುದುಕಿ ಕಲ್ಲವ್ವನವರ ಹೊಲದಲ್ಲಿತ್ತು. ಕಲ್ಲವ್ವನವರ ಮಕ್ಕಳು ಅದಕ್ಕೆ ಮುಳ್ಳುಬೇಲಿ ಬಡಿದಿದ್ದರು. ಅಜ್ಜನವರ ಮಾತಿನಂತೆ ಇಬ್ಬರೂ ಮೂರು ಗುರುವಾರ ಎದುರುಬದುರು ಕುಳಿತು ಜೋಳ ಹಸನು ಮಾಡಿದ್ದರು, ಮುಖ ಗಂಟಿಕ್ಕಿಕೊಂಡೇ. ಈ ದಿನ ಕಲ್ಲವ್ವ ಮೊದಲ ಮಾತು ಆಡಿದ್ದರು.

"ಹ್ವಾದ್ಲರಿ ಆಕಿ" ಎಂದರು ಇಮಾಂಬಿ. "ಹಿರ್ಯಾರು ಮಾತಾಡ್ತಾರಂತ, ನಮ್ಮದೇನೈತಿ ಅಂದ್ಲು."

ಭೂಮಿ ಬಾಯ್ಬಿಡಬಾರದೇ ಅನ್ನಿಸಿತು ಕಟಗೇರಿಯವರಿಗೆ. ತಾವು ಆಡಿದ ಮಾತೇ ಆ ಮುದುಕಿಯ ಬಾಯಲ್ಲಿ ತಿರುಗಿ ಬಂದು ಕಪಾಳಕ್ಕೆ ಹೊಡೆದಂತಾಗಿತ್ತು. ನಾಚಿಕೆಯಿಂದ ಕುಗ್ಗುತ್ತಲೇ ಕಲ್ಲವ್ವನವರ ಮನೆ ಹುಡುಕಿಕೊಂಡು ಹೋಗಿ, ಹೊಸ್ತಿಲಾಚೆ ಕೈಮುಗಿದು ನಿಂತರು.

"ಯಾರು ಕಳಿಸ್ಯಾರ ನಿಮ್ಮನ್ನ? ಅಜ್ಜಾರೇನು?" ಎಂದರು ಕಲ್ಲವ್ವ.

"ಯಾರೂ ಇಲ್ಲವ್ವಾ. ನಾನ ಬಂದೀನಿ. ನನ್ನಿಂದ ತಪ್ಪಾತು."

ಕಲ್ಲವ್ವ ಅವರನ್ನು ಒಂದು ಗಳಿಗೆ ನೋಡಿದರು. ಆಮೇಲೆ ಸೆರಗು ಸರಿಪಡಿಸಿಕೊಂಡು ಮಠದ ಕಡೆ ಹೊರಟರು.

ಅಂದು ಪಡಸಾಲೆಯಲ್ಲಿ ಆ ಇಬ್ಬರ ನಡುವೆ ಏನು ಮಾತಾಯಿತೆಂದು ಕಟಗೇರಿಯವರು ಎಲ್ಲಿಯೂ ಬರೆಯಲಿಲ್ಲ. ಅವರಿಗೆ ಗೊತ್ತೂ ಇರಲಿಲ್ಲ. ಅವರು ಹೊರಗೆ, ಚಪ್ಪಲಿ ಬಿಡುವ ಜಾಗದಲ್ಲಿ, ತಲೆ ತಗ್ಗಿಸಿ ಕುಳಿತಿದ್ದರು.